ನೂರರಲ್ಲಿ ಐದು

ಹೊನ್ನಾಳಿ
16 ಫೆಬ್ರವರಿ 2025, ಭಾನುವಾರ

ಮಾವ,

ಈ ಕಾಗದವನ್ನು ಹೇಗೆ ಶುರು ಮಾಡಬೇಕೋ ತಿಳಿಯಲಿಲ್ಲ. ಮೊದಲು 'ಯಜಮಾನರಿಗೆ' ಎಂದು ಬರೆದೆ, ಓದಿ ನಗು ಬಂತು, ಹೊಡೆದು ಹಾಕಿದೆ. ನೀವು ಜಗಳೂರಿನಲ್ಲಿ, ನಾನು ಮಗಳನ್ನು ಕಟ್ಟಿಕೊಂಡು ಹೊನ್ನಾಳಿಯಲ್ಲಿ. ಯಾರು ಯಾರಿಗೆ ಯಜಮಾನರು? ಮಾವ ಎನ್ನುವುದೊಂದು ಮಾತ್ರ ಉಳಿದಿದೆ. ಮದುವೆಗೆ ಮೊದಲೂ ನಿಮ್ಮನ್ನು ಹಾಗೇ ಕರೆದೆ, ಆಮೇಲೂ ಹಾಗೇ ಕರೆದೆ. ನೀವು ನನ್ನ ಅಮ್ಮನ ತಮ್ಮ. ಅದನ್ನು ಯಾವ ಕೋರ್ಟಿನಿಂದಲೂ ಬಿಡಿಸಿಕೊಳ್ಳಲು ಆಗುವುದಿಲ್ಲ.

ಫೋನು ಮಾಡಿದರೆ ನೀವು ಎತ್ತುವುದಿಲ್ಲ. ವಾಟ್ಸಾಪ್ ಹಾಕಿದರೆ ಎರಡು ನೀಲಿ ಗೆರೆ ಮೂಡುತ್ತವೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಅಂಚೆ. ಮನೆಗೆ ಕಳಿಸಿದರೆ ನಿಮ್ಮ ತಮ್ಮ ಸಿದ್ದೇಶ ಮೊದಲು ಒಡೆದು ನೋಡುತ್ತಾನೆ ಎಂದು ಅಂಗಡಿಯ ವಿಳಾಸ ಬರೆದಿದ್ದೇನೆ. ಮೋಟಾರು ಬಿಚ್ಚಿದ ಕೈಯಲ್ಲೇ ಓದಬೇಡಿ, ತೊಳೆದುಕೊಂಡು ಕೂತು ಓದಿ. ಉದ್ದ ಇದೆ.

ವಿಷಯ ಒಂದೇ. ನನ್ನ ತಂಗಿ ರೂಪಶ್ರೀಯನ್ನು ಸಿದ್ದೇಶನಿಗೆ ತಂದುಕೊಳ್ಳಬೇಡಿ. ಯುಗಾದಿ ಕಳೆದ ಮೇಲೆ ಮುಹೂರ್ತ ಎಂದು ನಮ್ಮ ಅಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಗೋವಿನಕೋವಿಯ ಅಪ್ಪನ ಮನೆಗೆ ಆಗಲೇ ಸುಣ್ಣ ಹೊಡೆಯುತ್ತಿದ್ದಾರೆ. ನಾನು ಏನು ಹೇಳಿದರೂ ನಡೆಯುವುದಿಲ್ಲ, ಯಾಕೆ ಎಂದು ಮುಂದೆ ಬರೆಯುತ್ತೇನೆ. ನಿಮ್ಮ ಅಕ್ಕ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾಳೆ. ಗಂಡಿನ ಕಡೆ ಹಿರಿಯರು ನೀವು. 'ನಮ್ಮ ಮನೆಗೆ ಈ ಹೆಣ್ಣು ಬೇಡ' ಎಂದು ನೀವು ಒಂದು ಮಾತು ಹೇಳಿದರೆ ನಿಂತುಹೋಗುತ್ತದೆ. ಕಾರಣ ಏನು ಬೇಕಾದರೂ ಕೊಡಿ. ಜಾತಕ ಅನ್ನಿ, ನನ್ನ ಮೇಲಿನ ಸಿಟ್ಟು ಅನ್ನಿ, ನನ್ನನ್ನು ಬೈದು ಹೇಳಿ. ನನಗೆ ಬೇಜಾರಿಲ್ಲ.

ಇನ್ನು ಲೆಕ್ಕದ ಕಥೆ. 'ಅದೇನೋ ಸರ್ವೆ ಮಾಡಿದಳಂತೆ, ಏನೂ ಇಲ್ಲ ಅಂತ ಬಂತಂತೆ' ಎಂದು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಏನೂ ಇಲ್ಲ ಎಂದು ಬರಲಿಲ್ಲ. ಏನು ಬಂತು ಎಂದು ನಿಮಗೊಬ್ಬರಿಗಾದರೂ ಸರಿಯಾಗಿ ಹೇಳಬೇಕು ಅನ್ನಿಸುತ್ತಿದೆ.

ಕಾಲೇಜಿನಲ್ಲಿ ಅಂತಿಮ ವರ್ಷದ ಮಕ್ಕಳಿಗೆ ಸಂಖ್ಯಾಶಾಸ್ತ್ರದ ಪ್ರಾಜೆಕ್ಟ್ ಮಾಡಿಸಬೇಕು. ಪ್ರತಿವರ್ಷ ಬಸ್ಸಿಗೆ ಎಷ್ಟು ಹೊತ್ತು ಕಾದಿರಿ, ಯಾವ ಸೋಪು ಬಳಸುತ್ತೀರಿ, ಇಂಥವೇ. ಈ ಸಲ ನಾನು ಬೇರೆ ವಿಷಯ ಕೊಟ್ಟೆ. ಸೋದರಮಾವನನ್ನು ಮದುವೆಯಾದವರ ಮಕ್ಕಳಲ್ಲಿ ಹುಟ್ಟಿನಿಂದಲೇ ಕಿವಿ, ಕಣ್ಣು, ಮಾತು, ಕೈಕಾಲು ಇಂಥದ್ದರ ಊನ ಉಳಿದವರಿಗಿಂತ ಹೆಚ್ಚೋ? ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಮೂರು ತಾಲ್ಲೂಕಿನ ಹಳ್ಳಿಗಳು. ಯಾಕೆ ಈ ವಿಷಯ ಎಂದು ಮಕ್ಕಳು ಕೇಳಲಿಲ್ಲ. ನಮ್ಮ ಮಗಳು ದೀಕ್ಷಾ ಎಷ್ಟೋ ಸಲ ಕಾಲೇಜಿಗೆ ಬಂದು ನನ್ನ ಕುರ್ಚಿಯ ಪಕ್ಕ ಕೂತು ಚಿತ್ರ ಬರೆದಿದ್ದಾಳೆ. ಅವಳ ಕಿವಿಯ ಹಿಂದಿನ ಮಿಷನ್ನನ್ನು ಅವರೆಲ್ಲ ನೋಡಿದ್ದಾರೆ.

ಮಕ್ಕಳನ್ನು ಹಳ್ಳಿಗೆ ಕಳಿಸುವ ಮೊದಲೇ ಬೋರ್ಡಿನ ಮೇಲೆ ನಿಯಮ ಬರೆದೆ. ಸಂಬಂಧದಲ್ಲಿ ಮದುವೆಯಾಗದವರ ಮಕ್ಕಳಲ್ಲಿ ಅದೇ ಹಳ್ಳಿಗಳಲ್ಲಿ ನೂರಕ್ಕೆ ಎರಡು ಎಂದು ಶಾಲೆಯ ತಪಾಸಣೆಯಲ್ಲಿ ಸಿಕ್ಕಿತ್ತು. ಹಾಗಾಗಿ ಎರಡಕ್ಕಿಂತ ಹೆಚ್ಚೋ ಎಂಬುದಷ್ಟೇ ನಮ್ಮ ಪ್ರಶ್ನೆ. ಸಂಧ್ಯಾರಾಣಿ ಎಂಬ ಹುಡುಗಿ, ತುಂಬ ಚೂಟಿ, ಎದ್ದು ನಿಂತು, ಹೆಚ್ಚೋ ಎಂದು ಮಾತ್ರ ಕೇಳಿದರೆ ಪಕ್ಷಪಾತ ಆಗುವುದಿಲ್ಲವೇ ಮೇಡಂ, ಕಡಿಮೆಯೂ ಇರಬಹುದಲ್ಲ, ಎರಡೂ ಕಡೆ ನೋಡಬೇಡವೇ ಎಂದಳು. ಮಾವನನ್ನು ಕಟ್ಟಿಕೊಂಡರೆ ಮಕ್ಕಳು ಹೆಚ್ಚು ಗಟ್ಟಿ ಹುಟ್ಟುತ್ತವೆ ಎಂದು ಈ ಲೋಕದಲ್ಲಿ ಯಾರೂ ಹೆದರಿಕೊಂಡಿಲ್ಲ ಕಣಮ್ಮ, ಭಯ ಇರುವ ಕಡೆಗೇ ನೋಡೋಣ ಎಂದೆ. ಒಂದೇ ಕಡೆ ನೋಡುತ್ತೇವೆ ಎಂದು ಮೊದಲೇ ಹೇಳಿ ನೋಡುವುದು ತಪ್ಪಲ್ಲ. ಉತ್ತರ ಸಿಕ್ಕ ಮೇಲೆ ಯಾವ ಕಡೆ ಎಂದು ತೀರ್ಮಾನಿಸುವುದು ಮೋಸ. ಇದನ್ನು ಹದಿಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇನ್ನೊಂದು ನಿಯಮವನ್ನೂ ನಾನೇ ಬರೆದೆ. ಪ್ರಶ್ನೆ ಕೇಳುವವರ ಸ್ವಂತ ಮನೆಯನ್ನು ಎಣಿಸಬಾರದು. ಯಾವ ಮಗುವನ್ನು ನೋಡಿ ಪ್ರಶ್ನೆ ಹುಟ್ಟಿತೋ ಅದೇ ಮಗುವನ್ನು ಉತ್ತರಕ್ಕೆ ಸಾಕ್ಷಿಯಾಗಿ ತರುವುದು ನ್ಯಾಯವಲ್ಲ.

ನೂರು ಮಕ್ಕಳು ಸಿಕ್ಕರು. ನಲ್ಲೂರಿನಲ್ಲಿ ನಾನೂ ಮನೆಮನೆಗೆ ಹೋಗಿದ್ದೆ. ಅಲ್ಲೊಂದು ಸಣ್ಣ ಕಿರಾಣಿ ಅಂಗಡಿ, ನಡೆಸುವವಳು ಲಕ್ಷ್ಮೀದೇವಿ ಎಂಬವಳು, ಅವಳ ಗಂಡ ಅವಳ ಸೋದರಮಾವನೇ. ಮಗಳಿಗೆ ಕಣ್ಣು ಕಾಣುವುದಿಲ್ಲ. ಬಂದವರಿಗೆ ಯಾವ ಡಬ್ಬಿಯಲ್ಲಿ ಏನಿದೆ ಎಂದು ಆ ಹುಡುಗಿಯೇ ಮುಟ್ಟಿ ತೆಗೆದು ಕೊಡುತ್ತಾಳೆ. ನಾವು ಎಲ್ಲ ಬರೆದುಕೊಂಡು ಎದ್ದೆವು. ಆಗ ಲಕ್ಷ್ಮೀದೇವಿ ನನ್ನ ಕೈ ಹಿಡಿದು, ಇದಕ್ಕಿಂತ ಮುಂಚೆ ಒಂದು ಹುಟ್ಟಿ ಆಗಲೇ ಹೋಗಿತ್ತು, ಅದನ್ನೂ ಬರೆದುಕೊಳ್ಳಿ ಅಂದಳು. ನಮ್ಮ ನಿಯಮದಲ್ಲಿ ಬದುಕಿರುವ ಮಕ್ಕಳು ಮಾತ್ರ. ಆದರೂ ಹೂಂ ಅಂದೆ. ಬರೆದುಕೊಳ್ಳಲಿಲ್ಲ.

ನೂರರಲ್ಲಿ ಐದು ಬಂತು ಮಾವ.

ನಿಮಗೆ ಗೊತ್ತಾಗುವ ಹಾಗೆ ಹೇಳುತ್ತೇನೆ. ನೂರು ಮೋಟಾರು ರಿವೈಂಡಿಂಗ್ ಮಾಡಿ ಕಳಿಸಿದರೆ ಎರಡು ಮತ್ತೆ ಸುಟ್ಟುಕೊಂಡು ಬರುವುದು ಮಾಮೂಲಿ ಎಂದು ನೀವೇ ಹೇಳುತ್ತಿದ್ದಿರಿ. ಈಗ ಯಾವುದೋ ಹೊಸ ಕಡೆಯಿಂದ ತಾಮ್ರದ ತಂತಿ ತರಿಸಿದಿರಿ ಎಂದಿಟ್ಟುಕೊಳ್ಳಿ. ಆ ತಂತಿ ಸುತ್ತಿದ ನೂರರಲ್ಲಿ ಐದು ಸುಟ್ಟು ಬಂದವು. ತಂತಿಯೇ ಕೆಟ್ಟದ್ದೋ, ಇಲ್ಲ ತಂತಿ ಎಂದಿನಂಥದ್ದೇ ಇದ್ದು ಈ ಸಲ ಗ್ರಹಚಾರಕ್ಕೆ ಐದಾಯಿತೋ? ನಮ್ಮ ಶಾಸ್ತ್ರ ಮೊದಲು ತಂತಿಯ ಪರ ನಿಲ್ಲುತ್ತದೆ. ತಂತಿ ಒಳ್ಳೆಯದೇ ಇದ್ದರೂ ಐದೋ ಅದಕ್ಕಿಂತ ಹೆಚ್ಚೋ ಸುಟ್ಟು ಬರುವ ಸಂಭವ ಎಷ್ಟು ಎಂದು ಕೇಳುತ್ತದೆ. ಆ ಸಂಭವ ಶೇಕಡಾ ಐದಕ್ಕಿಂತ ಕಡಿಮೆ ಇದ್ದರೆ ಗ್ರಹಚಾರದ ಮಾತು ಬಿಟ್ಟು ತಂತಿಯನ್ನು ಹಿಡಿದುಕೊಳ್ಳುತ್ತದೆ. ಹೆಚ್ಚಿದ್ದರೆ ಸುಮ್ಮನಾಗುತ್ತದೆ. ಸುಮ್ಮನಾಗುತ್ತದೆ ಅಷ್ಟೇ, ತಂತಿ ಒಳ್ಳೆಯದು ಎಂದು ಸರ್ಟಿಫಿಕೇಟು ಕೊಡುವುದಿಲ್ಲ. ಇದೊಂದು ಮಾತು ನಿಮ್ಮ ತಲೆಗೆ ಹೋದರೆ ಸಾಕು, ಉಳಿದದ್ದು ಮರೆತುಬಿಡಿ.

ಮಕ್ಕಳ ಲೆಕ್ಕ ಐದು, ಗೆರೆಯೂ ಐದು, ಎರಡನ್ನೂ ಕಲಸಬೇಡಿ. ನಮಗೆ ಬಂದ ಸಂಭವ ಶೇಕಡಾ ಐದು ದಶಮಾಂಶ ಸೊನ್ನೆ ಎಂಟು. ಗೆರೆಯಿಂದ ಒಂದು ಕೂದಲಿನಷ್ಟು ಆಚೆ. ಕಂಪ್ಯೂಟರಿನಲ್ಲಿ ನೋಡಿ ನಂಬಿಕೆ ಬರದೆ ಕೈಯಲ್ಲಿ ಮಾಡಿದೆ, ಅದೇ ಬಂತು. ಮಕ್ಕಳ ಕೈಯಲ್ಲಿ ಮಾಡಿಸಿದೆ, ಅದೇ ಬಂತು. ಸಂಧ್ಯಾರಾಣಿ ನನ್ನ ಮುಖ ನೋಡಿ, ಬರೇ ಸೊನ್ನೆ ಎಂಟಲ್ವ ಮೇಡಂ, ಬಿಟ್ಟುಬಿಡೋಣ ಅಂದಳು. ಗೆರೆ ಎಳೆದ ಮೇಲೆ ಎಳೆದದ್ದೇ ಎಂದು ಅವಳಿಗೆ ಬೈದೆ. ವರದಿಯಲ್ಲಿ ಬರೆಸಿದೆ: ಹೆಚ್ಚು ಎಂದು ಹೇಳಲು ಸಾಕಷ್ಟು ಆಧಾರ ಸಿಕ್ಕಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಹೇಳಿ. ಐದು ಬರುವವರೆಗೂ ಕಾಯುತ್ತಿದ್ದಿರಾ? ಮೂರನೆಯ ಮೋಟಾರು ವಾಪಸು ಬಂದ ದಿನವೇ ತಂತಿಯ ಸುರುಳಿಯನ್ನು ಅಂಗಡಿಯವನ ಮುಖದ ಮೇಲೆ ಎಸೆದು ಬರುತ್ತಿದ್ದಿರಿ. ಮೋಟಾರಿಗೆ ಇರುವ ಬೆಲೆ ಮಕ್ಕಳಿಗಿಲ್ಲ.

ನನಗೆ ಆ ದಿನ ಅಷ್ಟು ಗಾಬರಿಯಾಗಿರಲಿಲ್ಲ. ಇನ್ನಷ್ಟು ಹಳ್ಳಿಗೆ ಹೋಗಬಹುದು, ನೂರು ಇನ್ನೂರಾದರೆ ಚಿತ್ರ ತಿಳಿಯಾಗುತ್ತದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಫೋನು ಮಾಡಿ ಮಾತುಕತೆ ಇದೆ ಬಾ ಅಂದರು. ಯಾರದ್ದು ಎಂದು ಹೇಳಲಿಲ್ಲ. ದೀಕ್ಷಾಳನ್ನೂ ಕರೆದುಕೊಂಡು ಹೋದೆ. ಅಂಗಳದಲ್ಲಿ ಸಿದ್ದೇಶನ ಬೈಕು ನೋಡಿದೊಡನೆ ಯಾರದ್ದು ಎಂದು ಗೊತ್ತಾಯಿತು.

ನೀವು ಬಂದಿರಬಹುದು ಎಂದು ಒಳಗೆ ಕಣ್ಣಾಡಿಸಿದೆ. ಸುಳ್ಳು ಯಾಕೆ ಹೇಳಲಿ, ಆ ಗಾಬರಿಯಲ್ಲೂ ಮೊದಲು ಹುಡುಕಿದ್ದು ನಿಮ್ಮನ್ನೇ. ಯಾರದೋ ಬೋರಿನ ಮೋಟಾರು ಅರ್ಜೆಂಟು ಎಂದು ಇಬ್ಬರು ಹಿರಿಯರ ಜೊತೆ ತಮ್ಮನನ್ನು ಕಳಿಸಿದ್ದೀರಿ ಎಂದು ಗೊತ್ತಾಯಿತು. ನಾನು ಇರುತ್ತೇನೆ ಎಂದು ತಿಳಿದೇ ಬರಲಿಲ್ಲ ಅಲ್ಲವೇ?

ಆ ಬೆಳಿಗ್ಗೆ ಊರಮ್ಮನ ಗುಡಿಯಲ್ಲಿ ಹೂ ಕೇಳಿ ಬಂದಿದ್ದರು. ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ, ನಿಮಗೆ ಗೊತ್ತಿದ್ದದ್ದೇ. ನಮ್ಮಿಬ್ಬರಿಗೆ ಕೇಳಿದಾಗ ಬಲಗಡೆ ಬಿದ್ದಿತ್ತಂತೆ. ಈ ಸಲ ಯಾವ ಕಡೆಯೂ ಬೀಳಲಿಲ್ಲ. ತಾಯಿಯ ಮೇಲೆ ಅಂಟಿಸಿದ ಹೂ ಅಂಟಿದ ಹಾಗೇ ಕೂತಿತ್ತು. ಬಿಸಿಲೇರುವ ತನಕ ಕಾದು ಕಾದು, ಪೂಜಾರಿ ಸಣ್ಣತಿಮ್ಮಪ್ಪನೇ ತೀರ್ಪು ಕೊಟ್ಟನಂತೆ: "ತಾಯಿ ಬ್ಯಾಡ ಅಂದಿಲ್ಲ. ಬ್ಯಾಡ ಅನ್ನಂಗಿದ್ರೆ ಎಡಕ್ಕೆ ಕೊಡ್ತಿದ್ಲು." ಎಲ್ಲರೂ ಕೈ ಮುಗಿದು ಎದ್ದು ಬಂದರು. ಅಮ್ಮ ಇದನ್ನು ಹೇಳುವಾಗ ನನಗೆ ಒಳಗೊಳಗೇ ನಗು ಬಂದಿತ್ತು. ಏನೂ ಹೇಳದ ದೇವರ ಬಾಯಲ್ಲಿ ಹೂಂ ಎಂದು ಹೇಳಿಸಿಕೊಂಡು ಬಂದಿದ್ದಾರಲ್ಲ ಎಂದು.

ಆಮೇಲೆ ನನ್ನ ಸರದಿ ಬಂತು. ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಅಪ್ಪ ನನ್ನನ್ನು ಕೂರಿಸಿಕೊಂಡರು. ನಿಮ್ಮ ಕಡೆಯ ಹಿರಿಯರೊಬ್ಬರಿಗೆ ದೀಕ್ಷಾಳನ್ನು ಕಂಡು ಅನುಮಾನ ಬಂದಿತ್ತಂತೆ. ಅದನ್ನು ಈಗಲೇ ಪರಿಹಾರ ಮಾಡಿಬಿಡೋಣ ಎಂದು ಅಪ್ಪನಿಗೆ. "ನೀನು ಓದಿದಾಕಿ. ಊರೂರು ತಿರುಗಿ ಲೆಕ್ಕ ಮಾಡಿದೀಯಂತೆ. ಸುತ್ತಿ ಬಳಸಿ ಬ್ಯಾಡ, ಒಂದೇ ಮಾತಿನಾಗೆ ಹೇಳು. ಮಾವನ್ನ ಕಟ್ಟಿಕೊಂಡ್ರೆ ದೋಷ ಐತೋ, ಇಲ್ಲೋ?"

ಆ ಹೊತ್ತಿಗೆ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಮಾವ. ಐತೆ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ದೊಡ್ಡ ದೊಡ್ಡ ಡಾಕ್ಟರುಗಳು ಐತೆ ಎಂದೇ ಹೇಳುತ್ತಾರೆ, ನನಗೂ ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಅವರು ಕೇಳಿದ್ದು ನನ್ನ ಲೆಕ್ಕ ಏನು ಹೇಳಿತು ಎಂದು. ಪಕ್ಕದಲ್ಲಿ ರೂಪಶ್ರೀ ನಿಂತು ಕಾಫಿ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಚಿಕ್ಕಂದಿನಿಂದ ಅವಳಿಗೆ ನಾನು ಹೇಳಿದ್ದೇ ಪಾಠ. ಐತೆ ಅಂತ ಹೇಳಾಕೆ ನನ್ನ ಹತ್ರ ಸಾಕಷ್ಟು ಸಾಕ್ಷಿ ಇಲ್ಲಪ್ಪ, ಆದ್ರೆ, ಎಂದು ಶುರು ಮಾಡಿದೆ.

ಆ 'ಆದ್ರೆ' ಯಾರಿಗೂ ಕೇಳಿಸಲಿಲ್ಲ. ಅಪ್ಪ ತೊಡೆ ತಟ್ಟಿದರು. "ಕೇಳಿದ್ರೇನ್ರಿ? ಇಲ್ಲ ಅಂತ ಆಯ್ತು. ಕಾಲೇಜಿನೋರೇ ಹೇಳಿದ ಮ್ಯಾಲೆ ಇನ್ನೇನೈತೆ."

ನಾನು ಎದ್ದು ನಿಂತೆ. ಸಾಕ್ಷಿ ಸಿಗಲಿಲ್ಲ ಎನ್ನುವುದಕ್ಕೂ ದೋಷ ಇಲ್ಲ ಎನ್ನುವುದಕ್ಕೂ ಭೂಮಿ ಆಕಾಶದ ಅಂತರ ಇದೆ ಎಂದೆ. ನೂರರಲ್ಲಿ ಐದು ಬಂದಿದೆ ಎಂದೆ. ತಂತಿ, ಮೋಟಾರು, ಮೇಲೆ ನಿಮಗೆ ಬರೆದದ್ದನ್ನೆಲ್ಲ ಅಲ್ಲಿ ಹೇಳಲು ನೋಡಿದೆ. ಅಷ್ಟರಲ್ಲಿ ಎಲೆ ಅಡಿಕೆ ಬದಲಾಯಿಸಿದ್ದರು, ಅಮ್ಮ ಸಕ್ಕರೆ ಹಂಚುತ್ತಾ ನನ್ನ ಬಾಯಿಗೂ ಒಂದು ಚಿಟಿಕೆ ಹಾಕಿದಳು. ಸಿಹಿ ತುಂಬಿದ ಬಾಯಲ್ಲಿ ಏನು ಮಾತಾಡುವುದು. ಬೆಳಿಗ್ಗೆ ಗುಡಿಯಲ್ಲಿ ನಡೆದದ್ದು ಮಧ್ಯಾಹ್ನ ಪಡಸಾಲೆಯಲ್ಲಿ ನಡೆಯಿತು. ನಕ್ಕವಳು ನಾನೇ, ಈಗ ಆ ಹೂವಿನ ಜಾಗದಲ್ಲಿ ಕೂತವಳೂ ನಾನೇ.

ಊಟ ಆದ ಮೇಲೆ ರೂಪಶ್ರೀಯನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ನೀನಾದರೂ ಬೇಡ ಅನ್ನೇ ಎಂದು ಅವಳ ಎರಡೂ ಕೈ ಹಿಡಿದೆ. ಅವಳು ಏನು ಹೇಳಿದಳು ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನೀವು ತಿಳಿಯಬೇಕು. "ಅಕ್ಕ, ನೀನು ಜಗಳೂರು ಬಿಟ್ಟು ಬಂದ ಮ್ಯಾಲೆ ಅಮ್ಮ ತವರಿನ ಬಾಗಿಲು ತುಳಿದಿಲ್ಲ. ಮಾವ ಕರೆಯಾಕೂ ಬರಲ್ಲ, ಈಕಿ ಹೋಗಾಕೂ ಮುಖ ಇಲ್ಲ. ಗೌರಿ ಹಬ್ಬದಾಗೆ ಬಾಗಿಲಿಗೆ ಕೂತು ದಾರಿ ನೋಡ್ತಾಳೆ. ನಾನು ಹೋದ್ರೆ ಅಮ್ಮನಿಗೆ ತವರು ವಾಪಸ್ ಬರ್ತೈತೆ." ಮಗು ಹುಟ್ಟಿದರೆ ಎಂದು ನಾನು ಬಾಯಿ ತೆರೆದೆ. ಅವಳು ನಕ್ಕಳು. "ನೀನೇ ಅಂದಿಯಲ್ಲ, ಸಾಕ್ಷಿ ಇಲ್ಲ ಅಂತ. ನೀನು ಯಾವತ್ತೂ ಸುಳ್ಳು ಹೇಳಾಕಿ ಅಲ್ಲ. ನಾನು ನಿನ್ನ ನಂಬಿದೀನಿ."

ಹೀಗೆ ನಂಬುವವಳ ಮುಂದೆ ಯಾವ ಲೆಕ್ಕ ಬಿಡಿಸಲಿ?

ಯೋಚನೆ ಮಾಡಿ ನೋಡಿದರೆ ನಾನೇ ಇದಕ್ಕೆಲ್ಲ ದಾರಿ ಮಾಡಿಕೊಟ್ಟ ಹಾಗಾಯಿತು. ಎರಡನೆಯ ಮಗು ಬೇಡ ಎಂದು ನಾನು ಹಟ ಹಿಡಿದೆ, ಒಂದು ಹೀಗಾದರೆ ಇನ್ನೊಂದೂ ಹೀಗೇ ಆಗಬೇಕೆಂದು ಎಲ್ಲಿ ಬರೆದಿದೆ ಎಂದು ನೀವು ಹಟ ಹಿಡಿದಿರಿ. ಬಸುರಿನಲ್ಲಿ ಬಂದ ಜ್ವರ, ಗ್ರಹಣದ ದಿನ ನಾನು ಹೊರಗೆ ಬಂದದ್ದು, ನಿಮಗೆ ಇದ್ದ ಕಾರಣಗಳು ಒಂದೇ ಎರಡೇ. ರಕ್ತದ ಮಾತೊಂದು ಬಿಟ್ಟು. ನಾನು ಜಗಳವಾಡಲಿಲ್ಲ, ವರ್ಗಾವಣೆ ಮಾಡಿಸಿಕೊಂಡು ಬಂದೆ. ಬಂದದ್ದಕ್ಕೆ ಅಮ್ಮನ ತವರು ಹರಿಯಿತು. ಹರಿದದ್ದನ್ನು ಹೊಲಿಯಲು ಈಗ ತಂಗಿಯನ್ನು ಕೊಡುತ್ತಿದ್ದಾರೆ. ಹಾಗಾಗದಿರಲಿ ಎಂದು ನಾನು ಮಾಡಿದ ಲೆಕ್ಕವೇ ಅವರಿಗೆ ಧೈರ್ಯ ಕೊಟ್ಟಿತು. ಎಲ್ಲಿ ಕೈ ಹಾಕಿದರೂ ನನಗೇ ಸುತ್ತಿಕೊಳ್ಳುತ್ತಿದೆ.

ಈಗ ನಿಮ್ಮ ಮನಸ್ಸಿನಲ್ಲಿ ಬಂದಿರುವುದನ್ನು ನಾನೇ ಹೇಳುತ್ತೇನೆ. ದೀಕ್ಷಾಳನ್ನು ಸೇರಿಸಿದರೆ? ಸೇರಿಸಿ ನೋಡಿದ್ದೇನೆ. ಐದು ಆರಾಗುತ್ತದೆ, ನೂರು ನೂರಾ ಒಂದಾಗುತ್ತದೆ. ಶೇಕಡಾ ಐದು ಇದ್ದದ್ದು ದಡಕ್ಕನೆ ಒಂದೂವರೆಯ ಹತ್ತಿರ ಇಳಿಯುತ್ತದೆ. ಆಗ ಯಾವ ಪರೀಕ್ಷಕನೂ ತುಟಿ ಬಿಚ್ಚುವಂತಿಲ್ಲ, ಹೆಚ್ಚು ಎಂದರೆ ಹೆಚ್ಚೇ. ನಮ್ಮ ಮಗಳು ಒಬ್ಬಳು ಒಳಗೆ ಬಂದು ಕೂತರೆ ಸಾಬೀತು, ಹೊರಗೆ ನಿಂತರೆ ಇಲ್ಲ. ಆದರೆ ಅವಳನ್ನು ನೋಡಿಯೇ ಅಲ್ಲವೇ ನಾನು ಈ ಪ್ರಶ್ನೆ ಕೇಳಿದ್ದು? ಅವಳನ್ನು ಸೇರಿಸಿದರೆ ಅದು ಲೆಕ್ಕವಲ್ಲ, ನಾನು ಬೇಕೆಂದದ್ದನ್ನು ನಾನೇ ಬರೆದುಕೊಂಡಂತೆ. ಸೇರಿಸಿಲ್ಲ, ಸೇರಿಸುವುದೂ ಇಲ್ಲ. ನಿಮಗೆ ನನ್ನಲ್ಲಿ ಹಿಡಿಸಿದ್ದು ಏನಾದರೂ ಇದ್ದರೆ ಈ ಮೊಂಡುತನ ಒಂದೇ ಎಂದು ನೀವೇ ಒಮ್ಮೆ ಅಂದಿದ್ದಿರಿ.

ನಾನು ನಿಮ್ಮನ್ನು ಕೇಳುತ್ತಿರುವುದು ಎಷ್ಟು ಕಷ್ಟದ್ದು ಎಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಜಾತಕದ ನೆಪ ಹೇಳಿ ಎಂದು ಸುಲಭಕ್ಕೆ ಬರೆದೆ. ನೆಪ ಊರಿಗೆ. ನಿಮ್ಮ ಅಕ್ಕ ನಿಮ್ಮ ಕಣ್ಣು ನೋಡಿ, ಯಾಕೋ ತಮ್ಮ ಎಂದು ಕೇಳಿದಾಗ ನಿಜ ಹೇಳಲೇಬೇಕಾಗುತ್ತದೆ. ಹೇಳಬೇಕಾದರೆ, ಜ್ವರವಲ್ಲ, ಗ್ರಹಣವಲ್ಲ, ನಾವಿಬ್ಬರೂ ಒಂದಾದದ್ದೇ ಕಾರಣ ಎಂದು ಮೊದಲು ನಿಮ್ಮ ಮನಸ್ಸು ಒಪ್ಪಬೇಕು. ನಾನಂತೂ ಅದನ್ನು ಒಪ್ಪಿಕೊಂಡು ಬದುಕುತ್ತಿದ್ದೇನೆ. ದಿನಾ ಬೆಳಿಗ್ಗೆ ಅವಳಿಗೆ ಜಡೆ ಹಾಕುವಾಗ ಆ ಮಿಷನ್ನಿನ ವೈರು ಕೂದಲಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸುತ್ತೇನೆ, ಒಪ್ಪಿಕೊಳ್ಳುತ್ತೇನೆ. ಹಾಗೆಂದು ಅವಳು ಹುಟ್ಟಬಾರದಿತ್ತು ಎಂದು ಒಂದು ದಿನವೂ ಅನ್ನಿಸಿಲ್ಲ. ಇದನ್ನು ಹೇಗೆ ಹೊಂದಿಸಿಕೊಳ್ಳುವುದು? ಈ ಮದುವೆ ಬೇಡ ಎಂದಾಗಲೆಲ್ಲ ಇಂಥ ಮಗು ಬೇಡ ಎಂದಂತೆ ನನಗೇ ಕೇಳಿಸುತ್ತದೆ. ಅವಳಿಗೆ ಕೇಳಿಸುವುದಿಲ್ಲ ಎಂಬುದೊಂದೇ ಸಮಾಧಾನ. ಎಂಥ ಸಮಾಧಾನ ನೋಡಿ.

ಮದುವೆ ಎಂದು ಅವಳಿಗೆ ಕುಣಿದಾಟ. ಸಿದ್ದೇಶ ಚಿಕ್ಕಪ್ಪ ಎಂದರೆ ಅವಳಿಗೆ ಪ್ರಾಣ, ಅವನು ಕರೆಂಟು ಕಂಬ ಹತ್ತುವುದನ್ನು ಅಭಿನಯಿಸಿ ತೋರಿಸುತ್ತಾಳೆ. ಗೋವಿನಕೋವಿಯಿಂದ ವಾಪಸು ಬರುವಾಗ ಬಸ್ಸಿನ ತುಂಬ ಸೂರಗೊಂಡನಕೊಪ್ಪದ ಜಾತ್ರೆಗೆ ಹೊರಟ ಮಾಲಾಧಾರಿಗಳು, ಸೀಟಿಲ್ಲದೆ ನಾವು ಬಾಗಿಲ ಹತ್ತಿರ ನಿಂತಿದ್ದೆವು. ಆ ನೂಕುನುಗ್ಗಲಿನಲ್ಲಿ ನನ್ನ ಸೆರಗು ಜಗ್ಗಿ ಕೈಯಲ್ಲಿ ಮಾತಾಡಿದಳು. ಚಿಕ್ಕಮ್ಮನಿಗೆ ಪಾಪು ಹುಟ್ಟುತ್ತದಲ್ಲ, ಎಂದು ಕೇಳಿದಳು. ಹುಟ್ಟಬಹುದು ಅಂದೆ. ಅದಕ್ಕೂ ನನ್ನ ಹಾಗೆ ಕಿವಿ ಕೇಳಿಸದೆ ಇರುತ್ತದಾ ಎಂದಳು. ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದೆ. ಇದ್ದರೆ ಚೆನ್ನಾಗಿರುತ್ತದೆ, ನಮ್ಮ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ನೀನೊಬ್ಬಳೇ ಇರುವುದು ಎಂದಳು. ಬಾಯಿ ತುಂಬ ನಗುತ್ತಿದ್ದಳು ಮಾವ. ನಿಮ್ಮದೇ ನಗು.

ನಿಮಗೆ ಅವಳ ಕೈ ಮಾತು ಬರುವುದಿಲ್ಲ. ಕಲಿಯಿರಿ ಎಂದು ಆಗ ಎಷ್ಟು ಗೋಗರೆದೆ. ಮಿಷನ್ನು ಹಾಕಿದರೆ ಸರಿಹೋಗುತ್ತಾಳೆ, ಕೈಯಾಡಿಸುವುದನ್ನು ಕಲಿಸಿ ಮೂಗಿ ಮಾಡಬೇಡ ಅಂದಿರಿ. ಬಂದ ಭಾನುವಾರವೆಲ್ಲ ಅವಳ ಮುಂದೆ ಚಾಕಲೇಟು ಇಟ್ಟು ಸುಮ್ಮನೆ ಕೂತಿರುತ್ತಿದ್ದಿರಿ. ಆಮೇಲೆ ಬರುವುದನ್ನೇ ಬಿಟ್ಟಿರಿ. ಬೈಯಲು ಬರೆಯುತ್ತಿಲ್ಲ. ಹಾಗೆ ಸುಮ್ಮನೆ ಕೂರುವ ಇನ್ನೊಬ್ಬ ಅಪ್ಪನನ್ನು ನಮ್ಮ ಸಿದ್ದೇಶನಲ್ಲಿ ನೋಡಲು ನನ್ನಿಂದ ಆಗುವುದಿಲ್ಲ.

ನೂರರಲ್ಲಿ ತೊಂಬತ್ತೈದು ಚೆನ್ನಾಗಿದ್ದವಲ್ಲ, ರೂಪಶ್ರೀಗೂ ಚೆನ್ನಾಗಿಯೇ ಹುಟ್ಟಬಹುದಲ್ಲ ಎಂದರೆ, ಹೌದು, ಹುಟ್ಟಬಹುದು. ಹುಟ್ಟಲಿ ಎಂದೇ ನಾನೂ ಬೇಡಿಕೊಳ್ಳುತ್ತೇನೆ, ನನ್ನ ಮಾತು ಸುಳ್ಳಾಗಲಿ. ಆದರೆ ನಿಮ್ಮಲ್ಲೂ ನನ್ನಲ್ಲೂ ಇರುವುದು ಅವರಿಬ್ಬರಲ್ಲೂ ಇರುವ ಸಂಭವ ಹೆಚ್ಚು. ಅವರು ನಿಮ್ಮ ತಮ್ಮ, ನನ್ನ ತಂಗಿ. ಹಳ್ಳಿಯ ನೂರು ಮನೆ ಬೇರೆ, ನಮ್ಮ ಮನೆ ಬೇರೆ. ಇದಕ್ಕೆ ಯಾವ ಗೆರೆಯೂ ಬೇಕಿಲ್ಲ, ಶೇಕಡಾವಾರೂ ಬೇಕಿಲ್ಲ. ಒಮ್ಮೆ ಹೊನ್ನಾಳಿಗೆ ಬಂದು ಮಗಳನ್ನು ನೋಡಿ, ಅಲ್ಲಿಂದ ನೇರ ಗೋವಿನಕೋವಿಗೆ ಹೋಗಿ ಬೇಡ ಎಂದುಬಿಡಿ. ಅಮ್ಮ ಅಳುತ್ತಾಳೆ. ಅವಳನ್ನು ಹಬ್ಬಕ್ಕೆ ಕರೆದುಕೊಂಡು ಹೋಗಿ. ತವರು ಕೊಡಲು ಹೆಣ್ಣೇ ಯಾಕೆ ಬೇಕು? ತಮ್ಮ ಬಂದು ಬಾಗಿಲಲ್ಲಿ ನಿಂತು, ಬಾರಕ್ಕ ಎಂದರೆ ಸಾಲದೇ?

ನೀವು ಮಾಡುತ್ತೀರೋ ಇಲ್ಲವೋ ಗೊತ್ತಿಲ್ಲ. ಮಾಡಲಾರಿರಿ ಎಂದೇ ಮನಸ್ಸು ಹೇಳುತ್ತಿದೆ. ಆದರೂ ಬರೆದೆ. ಬರೆಯಲು ಇನ್ನು ಯಾರೂ ಉಳಿದಿಲ್ಲ.

ನಿಮ್ಮ ಅಕ್ಕನ ಮಗಳು, ನಿಮ್ಮ ಮಗಳ ತಾಯಿ,
ಪ್ರೇಮಲತಾ

ತಾ.ಕ.: ಕವರಿಗೆ ಅಂಟು ಹಚ್ಚುವ ಮೊದಲು ಇಷ್ಟು ಸೇರಿಸುತ್ತೇನೆ. ಇಲ್ಲದಿದ್ದರೆ ನೀವು ಗೋವಿನಕೋವಿಗೆ ಹೋದ ದಿನ ಬೇರೆಯವರ ಬಾಯಿಂದ ಕೇಳುತ್ತೀರಿ. ಸೇರಿಸಿಲ್ಲ, ಸೇರಿಸುವುದೂ ಇಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಮೊನ್ನೆಯೇ ಅಮ್ಮನಿಗೆ ಫೋನು ಮಾಡಿದ್ದೆ. ಲೆಕ್ಕದಲ್ಲಿ ಒಂದು ಮಗು ಬಿಟ್ಟುಹೋಗಿತ್ತು, ಐದಲ್ಲ ಆರು, ಈಗ ಸಾಬೀತಾಗಿದೆ, ಮದುವೆ ನಿಲ್ಲಿಸು ಅಂದೆ. ಆರನೆಯದು ಯಾರ ಮಗು ಎಂದು ಅಮ್ಮ ಕೇಳಲಿಲ್ಲ. ಅಂದಳು: "ಆವತ್ತು ನೀನು ಐದು ಅಂದಾಗ್ಲೇ ನಾನು ಮನಸಿನಾಗೆ ಆರು ಅಂತ ಎಣಿಸಿದ್ದೆ ಕಣವ್ವ. ಎಣಿಸಿದ ಮ್ಯಾಲೇ ಸಕ್ಕರೆ ಹಂಚಿದ್ದು." ಮದುವೆಗೆ ದೀಕ್ಷಾಳಿಗೆ ರೇಷ್ಮೆ ಲಂಗ ಹೊಲಿಸಬೇಕು, ಸೊಂಟದ ಅಳತೆ ಎಷ್ಟು ಎಂದು ಕೇಳಿದಳು. ಕೊಟ್ಟೆ.